ಪ್ಲಾಸ್ಟಿಕ್ ಚೀಲದ ಬಟ್ಟೆಯಿಂದ ಗಟ್ಟಿ ಹಲಗೆ: ಸ್ವಬಲವರ್ಧಿತ ಪಾಲಿಪ್ರೊಪಿಲೀನ್ ತಯಾರಿಸಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಮಲ್ಪೆ ಬಂದರಿನ ಫೈಬರ್ ದೋಣಿಗಳಲ್ಲಿ ಬಲ ಕೊಡುವುದು ಗಾಜಿನ ನಾರು, ಅದನ್ನು ಹಿಡಿದಿಡುವುದು ರೆಸಿನ್. ಒಮ್ಮೆ ಗಟ್ಟಿಯಾದ ಮೇಲೆ ಇವೆರಡನ್ನೂ ಕರಗಿಸಿ ಇನ್ನೊಂದು ವಸ್ತು ಮಾಡಲು ಬರುವುದಿಲ್ಲ. ಹಳೆಯ ದೋಣಿ ದಡದಲ್ಲೇ ಉಳಿಯುತ್ತದೆ. ಸ್ವಬಲವರ್ಧಿತ ಪ್ಲಾಸ್ಟಿಕ್‌ನಲ್ಲಿ ನಾರು, ಅಂಟು ಎರಡೂ ಒಂದೇ ಜಾತಿಯ ಪಾಲಿಮರ್, ಅಂದರೆ ಉದ್ದ ಅಣುಸರಪಳಿಗಳಿಂದಾದ ವಸ್ತು. ಬಲ ಬರುವುದು ಅಣುಸರಪಳಿಗಳನ್ನು ಎಳೆದು ಒಂದೇ ದಿಕ್ಕಿಗೆ ನೆಟ್ಟಗೆ ನಿಲ್ಲಿಸಿದ್ದರಿಂದ. ಹಾಳಾದ ಹಲಗೆಯನ್ನು ಪುಡಿ ಮಾಡಿ ಕರಗಿಸಿದರೆ ಮತ್ತೆ ಮಾಮೂಲಿ ಪಾಲಿಪ್ರೊಪಿಲೀನ್ ಸಿಗುತ್ತದೆ.

ಈ ಯೋಚನೆ ಹಳೆಯದು. 1975ರಲ್ಲಿ ಸಂಶೋಧಕರಾದ ಕಪಿಯಾಟಿ ಮತ್ತು ಪೋರ್ಟರ್ ಪಾಲಿಎಥಿಲೀನ್‌ನಿಂದ ಏಕಪಾಲಿಮರ್ ಸಂಯುಕ್ತವನ್ನು (ನಾರೂ ಅಂಟೂ ಒಂದೇ ಪಾಲಿಮರ್ ಆಗಿರುವ ವಸ್ತುವನ್ನು) ಮಾಡಿ ತೋರಿಸಿದರು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಯಾನ್ ವಾರ್ಡ್ ಅವರ ತಂಡ ಮುಂದೆ ನೇಯ್ದ ಪಾಲಿಪ್ರೊಪಿಲೀನ್ ಬಟ್ಟೆಯನ್ನೇ ಬಿಸಿಯಲ್ಲಿ ಒತ್ತಿ ಹಾಳೆ ಮಾಡುವ ವಿಧಾನವನ್ನು ಬೆಳೆಸಿತು. ಸ್ಯಾಮ್ಸನೈಟ್‌ನ ಕಾಸ್ಮೊಲೈಟ್ ಸೂಟ್‌ಕೇಸ್ ತಯಾರಾಗುವುದು ಇಂಥದ್ದೇ ‘ಕರ್ವ್’ ಎಂಬ ಹಾಳೆಯಿಂದ. ಕರಾವಳಿಯಲ್ಲಿ ಕುಳಿತು ಇದನ್ನು ಮಾಡುವುದಕ್ಕೆ ಒಂದು ಅನುಕೂಲವೂ ಇದೆ. ಮಂಗಳೂರಿನ ಎಂಆರ್‌ಪಿಎಲ್ ಪಾಲಿಪ್ರೊಪಿಲೀನ್ ತಯಾರಿಸುತ್ತದೆ, ಅದರಿಂದ ನೇಯುವ ಚೀಲದ ಬಟ್ಟೆ ಎಲ್ಲ ಕಡೆ ಸಿಗುತ್ತದೆ.

ಇಲ್ಲಿ ವಿವರಿಸುವುದು 300 × 300 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಹಲಗೆಯನ್ನು. ಪರೀಕ್ಷೆಗೆ ಬೇಕಾದ 250 ಮಿ.ಮೀ. ಉದ್ದದ ಪಟ್ಟಿಗಳು ಇದರಿಂದ ಸಿಗುತ್ತವೆ, 20 ಟನ್ನಿನ ಪ್ರೆಸ್ ಸಾಕಾಗುತ್ತದೆ.

ಮೊದಲು ತಿಳಿದಿರಬೇಕಾದದ್ದು

ಚೀಲ ನೇಯುವ ಪಟ್ಟಿಯನ್ನು ಕಾರ್ಖಾನೆಯಲ್ಲಿ ಬಿಸಿ ಮಾಡಿ ಐದರಿಂದ ಏಳು ಪಟ್ಟು ಎಳೆದಿರುತ್ತಾರೆ. ಹಾಗೆ ಎಳೆದ ಸರಪಳಿಗಳು ಅವಕಾಶ ಸಿಕ್ಕಿದರೆ ಮತ್ತೆ ಸುರುಳಿಯಾಗಲು ಕಾಯುತ್ತಿರುತ್ತವೆ. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಿಡಿತವಿಲ್ಲದ ಪಟ್ಟಿ ಕಣ್ಣೆದುರೇ ಮುದುಡುತ್ತದೆ. ಮುದುಡಿದರೆ ಬಲವೂ ಹೋಯಿತು. ಗಟ್ಟಿಯಾಗಿ ಒತ್ತಿ ಹಿಡಿದರೆ ಮಾತ್ರ ಸುರುಳಿಯಾಗಲು ಜಾಗ ಸಿಗುವುದಿಲ್ಲ, ಕರಗುವ ತಾಪವೂ ಕೆಲವು ಡಿಗ್ರಿ ಮೇಲೇರುತ್ತದೆ.

ಆದ್ದರಿಂದ ಕ್ರಮ ಹೀಗಿರಬೇಕು: ಒತ್ತಡ ಮೊದಲು, ಬಿಸಿ ಆಮೇಲೆ, ಇಳಿಸುವಾಗ ಬಿಸಿ ಮೊದಲು, ಒತ್ತಡ ಎಲ್ಲಕ್ಕಿಂತ ಕೊನೆಗೆ. ಈ ಕೆಲಸದಲ್ಲಿ ಹಾಳಾಗುವ ಹಲಗೆಗಳಲ್ಲಿ ಹೆಚ್ಚಿನವು ಹಾಳಾಗುವುದು ಈ ಕ್ರಮ ತಪ್ಪಿದಾಗ, ಇಲ್ಲವೇ ತಾಪವನ್ನು ತಪ್ಪಾಗಿ ಅಳೆದಾಗ.

ಅಂಟಿಸುವುದಕ್ಕೆ ಎರಡು ದಾರಿಗಳಿವೆ. ಲೀಡ್ಸ್ ವಿಧಾನದಲ್ಲಿ ಬೇರೆ ಅಂಟಿಲ್ಲ, ಪಟ್ಟಿಯ ಹೊರಮೈಯನ್ನೇ ಚೂರು ಕರಗಿಸಿ ಅದನ್ನೇ ಅಂಟಾಗಿಸುತ್ತಾರೆ. ಅದಕ್ಕೆ ಸಿಗುವ ತಾಪದ ಅಂತರ ಕೆಲವೇ ಡಿಗ್ರಿ. ಹೊಸಬರಿಗೆ ನಾವು ಹೇಳುವುದು ಎರಡನೆಯದು: ಬಟ್ಟೆಯ ಪದರಗಳ ನಡುವೆ ಕಡಿಮೆ ತಾಪಕ್ಕೆ ಕರಗುವ ಪಾಲಿಪ್ರೊಪಿಲೀನ್ ಫಿಲ್ಮ್ ಇಟ್ಟು ಒತ್ತುವುದು. ಬಟ್ಟೆಯ ಹೋಮೊಪಾಲಿಮರ್ (ಬೇರೆ ಪ್ಲಾಸ್ಟಿಕ್ ಬೆರೆಸದ ಪಾಲಿಪ್ರೊಪಿಲೀನ್) ಸುಮಾರು 165 ಡಿಗ್ರಿಯಲ್ಲಿ ಕರಗುತ್ತದೆ, ಎಥಿಲೀನ್ ಬೆರೆಸಿದ ರ‍್ಯಾಂಡಮ್ ಕೋಪಾಲಿಮರ್ ಫಿಲ್ಮ್ 140ರಿಂದ 150ರೊಳಗೆ ಕರಗುತ್ತದೆ. ಈ ಎರಡರ ನಡುವಿನ ಜಾಗವೇ ನಮ್ಮ ಕೆಲಸದ ಜಾಗ.

ಬಟ್ಟೆ ಆರಿಸುವುದು

ಲ್ಯಾಮಿನೇಷನ್ ಇಲ್ಲದ, ಮುದ್ರಣವಿಲ್ಲದ ಹೊಸ ಬಟ್ಟೆಯನ್ನು ರೋಲಿನಲ್ಲಿ ಕೊಳ್ಳಿ. ಚದರ ಮೀಟರಿಗೆ 90 ಗ್ರಾಂ ತೂಗುವ, 2.5 ಮಿ.ಮೀ. ಅಗಲದ ಪಟ್ಟಿಯಲ್ಲಿ ನೇಯ್ದದ್ದು ಒಳ್ಳೆಯದು. ಅಂಗಡಿಯವರು ಹೇಳಿದ ತೂಕವನ್ನು ನಂಬಬೇಡಿ. 300 × 300ರ ಒಂದು ತುಂಡು ಕತ್ತರಿಸಿ ತೂಗಿ, 8.1 ಗ್ರಾಂ ಬರಬೇಕು.

ಅಕ್ಕಿ, ಹಿಂಡಿ, ಸಿಮೆಂಟಿನ ಹಳೆಯ ಚೀಲ ಬಳಸುವ ಆಸೆ ಬರುವುದು ಸಹಜ. ಕಲಿಯುವ ಹಂತದಲ್ಲಿ ಬೇಡ. ಶಾಯಿ ಇದ್ದಲ್ಲಿ ಪದರ ಅಂಟುವುದಿಲ್ಲ, ಹಿಂಡಿಯ ಎಣ್ಣೆ ತೊಳೆದರೂ ಪೂರ್ತಿ ಹೋಗುವುದಿಲ್ಲ, ಬಿಸಿಲಿಗೆ ಬಿದ್ದ ಪಟ್ಟಿಯ ಸರಪಳಿಗಳು ಆಗಲೇ ತುಂಡಾಗಿರುತ್ತವೆ. ಬಟ್ಟೆಯನ್ನು ಮಡಚಿ ಮಡಿಕೆಯ ಮೇಲೆ ಹೆಬ್ಬೆರಳಿನಿಂದ ಉಜ್ಜಿ. ಬಿಳಿ ಪುಡಿ ಉದುರಿದರೆ ಅದನ್ನು ಬದಿಗಿಡಿ.

ಪಟ್ಟಿಯಲ್ಲಿ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸುವ ರೂಢಿಯಿದೆ. ಸ್ವಲ್ಪ ಇದ್ದರೆ ಅಡ್ಡಿಯಿಲ್ಲ, ಹೆಚ್ಚಿದ್ದರೆ ಬಲ ಕಡಿಮೆ. 10 ಗ್ರಾಂ ಬಟ್ಟೆಯನ್ನು ಲೋಹದ ಬಟ್ಟಲಿನಲ್ಲಿ, ತೆರೆದ ಬಯಲಿನಲ್ಲಿ, ಗಾಳಿಗೆ ಬೆನ್ನುಮಾಡಿ ನಿಂತು ಪೂರ್ತಿ ಸುಟ್ಟು ಬೂದಿ ತೂಗಿದರೆ ಅಂದಾಜು ಸಿಗುತ್ತದೆ. ಅರ್ಧ ಗ್ರಾಂಗಿಂತ ಹೆಚ್ಚು ಉಳಿದರೆ ಬೇರೆ ರೋಲ್ ನೋಡಿ.

ಫಿಲ್ಮ್: ಎಲ್ಲರೂ ಎಡವುವ ಜಾಗ

ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ‘ಪಿಪಿ ಫಿಲ್ಮ್’ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಬಿಒಪಿಪಿ. ಅದು ಎಳೆದು ಬಿಗಿಗೊಳಿಸಿದ ಹೋಮೊಪಾಲಿಮರ್. ಬಿಸಿಗೆ ಮುದುಡುತ್ತದೆ, ಬಟ್ಟೆ ಕರಗುವ ತಾಪದಲ್ಲೇ ತಾನೂ ಕರಗುತ್ತದೆ. ಅಂಟಾಗಿ ಅದು ಪ್ರಯೋಜನಕ್ಕಿಲ್ಲ. ಬೇಕಾದದ್ದು ಸಿಪಿಪಿ, ಅಂದರೆ ಕಾಸ್ಟ್ ಪಾಲಿಪ್ರೊಪಿಲೀನ್, ಅದರಲ್ಲೂ ರ‍್ಯಾಂಡಮ್ ಕೋಪಾಲಿಮರ್ ದರ್ಜೆಯದು, 50 ಮೈಕ್ರಾನ್ ದಪ್ಪದ್ದು. ಗುರುತಿಸುವುದು ಸುಲಭ. ಬಿಒಪಿಪಿ ಚರಚರ ಸದ್ದು ಮಾಡುತ್ತದೆ, ಎಳೆದರೆ ಹಿಗ್ಗುವುದಿಲ್ಲ, ಅಂಚಿನಲ್ಲಿ ಸೀಳು ಮಾಡಿದರೆ ಸರ‍್ರೆಂದು ಹರಿಯುತ್ತದೆ. ಸಿಪಿಪಿ ಮೆತ್ತಗಿರುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಹಿಗ್ಗುತ್ತದೆ.

ಇನ್ನೊಂದು ಮೋಸ ಪಾಲಿಎಥಿಲೀನ್‌ನದು. ಫಿಲ್ಮಿನ ತುಂಡನ್ನು 125 ಡಿಗ್ರಿಯ ಲೋಹದ ಮೇಲಿಡಿ. ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್) ಆದರೆ ಕರಗಿ ಅಂಟುತ್ತದೆ, ಸಿಪಿಪಿ ಹಾಗೇ ಇರುತ್ತದೆ. ಎಲ್‌ಡಿಪಿಇ ಪಾಲಿಪ್ರೊಪಿಲೀನ್‌ಗೆ ಸರಿಯಾಗಿ ಅಂಟುವುದಿಲ್ಲ. ಬಟ್ಟೆಯ ಲ್ಯಾಮಿನೇಷನ್ನನ್ನೂ ಹೀಗೇ ಪರೀಕ್ಷಿಸಬಹುದು.

ಪದರಗಳ ಲೆಕ್ಕ

ಪಾಲಿಪ್ರೊಪಿಲೀನ್ ಸಾಂದ್ರತೆ ಘನ ಸೆಂ.ಮೀ.ಗೆ 0.91 ಗ್ರಾಂ ಎಂದು ಹಿಡಿದರೆ, 2 ಮಿ.ಮೀ. ದಪ್ಪದ ಹಲಗೆ ಚದರ ಮೀಟರಿಗೆ 1820 ಗ್ರಾಂ ತೂಗಬೇಕು. 50 ಮೈಕ್ರಾನ್ ಫಿಲ್ಮ್ ಚದರ ಮೀಟರಿಗೆ 45 ಗ್ರಾಂ. 13 ಬಟ್ಟೆ, 14 ಫಿಲ್ಮ್ ಇಟ್ಟರೆ 1170 + 630 = 1800 ಗ್ರಾಂ, ಅಂದರೆ 1.98 ಮಿ.ಮೀ. ನಾರಿನ (ಬಟ್ಟೆಯ ಪಟ್ಟಿಗಳ) ಪಾಲು ಶೇ 65. ನಮ್ಮ ಹಲಗೆಗೆ ಬಟ್ಟೆ 105 ಗ್ರಾಂ, ಫಿಲ್ಮ್ 57 ಗ್ರಾಂ ಬೇಕು.

ಕೈ ಪಳಗಿದ ಮೇಲೆ 25 ಮೈಕ್ರಾನ್ ಫಿಲ್ಮ್ ಹಿಡಿಯಿರಿ. ಆಗ 16 ಬಟ್ಟೆ, 17 ಫಿಲ್ಮ್, ನಾರಿನ ಪಾಲು ಶೇ 79. ಬಲ ಏರುತ್ತದೆ, ಆದರೆ ಅಂಟು ಕಡಿಮೆಯಾದ್ದರಿಂದ ಒತ್ತಡ ಎಲ್ಲೆಡೆ ಸಮವಾಗಿರಲೇಬೇಕು.

ಹಾಸು ಮತ್ತು ಹೊಕ್ಕಿನ ಪಟ್ಟಿಗಳು ಒಂದೇ ಬಲದವಲ್ಲ. ಪ್ರತಿ ತುಂಡಿನ ಮೂಲೆಯಲ್ಲಿ ಹಾಸಿನ ದಿಕ್ಕಿಗೆ ಗುರುತು ಹಾಕಿ. ಮಧ್ಯದ ಪದರದಿಂದ ಮೇಲೆಷ್ಟೋ ಕೆಳಗೂ ಅಷ್ಟೇ, ಅದೇ ಕ್ರಮದಲ್ಲಿರಲಿ. ಇದು ತಪ್ಪಿದರೆ ತಣಿದ ಹಲಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಪ್ರೆಸ್ ಮತ್ತು ತಾಪದ ಅಳತೆ

300 × 300ರ ಮೇಲೆ 2 ಮೆಗಾಪಾಸ್ಕಲ್ ಒತ್ತಡಕ್ಕೆ 180 ಕಿಲೋನ್ಯೂಟನ್, ಅಂದರೆ 18.4 ಟನ್ ಬೇಕು. 20 ಟನ್ ಪ್ರೆಸ್ಸಿಗೆ ಇದು ಅಂಚಿನ ಕೆಲಸ. 1.5 ಮೆಗಾಪಾಸ್ಕಲ್‌ಗೆ, ಅಂದರೆ ಸುಮಾರು 13.8 ಟನ್ನಿಗೆ ನಿಲ್ಲಿಸಿದರೂ ಫಿಲ್ಮ್ ವಿಧಾನದಲ್ಲಿ ಒಳ್ಳೆಯ ಹಲಗೆ ಬರುತ್ತದೆ. ಜ್ಯಾಕಿನ ಗೇಜ್ ತೋರಿಸುವುದು ಎಣ್ಣೆಯ ಒತ್ತಡವನ್ನು, ಹಲಗೆಯ ಮೇಲಿನದನ್ನಲ್ಲ. ತಳ್ಳುವ ದಂಡವಾದ 60 ಮಿ.ಮೀ. ವ್ಯಾಸದ ರ‍್ಯಾಮ್ ಇದ್ದರೆ ಅದರ ವಿಸ್ತೀರ್ಣ 2827 ಚದರ ಮಿ.ಮೀ. 135 ಕಿಲೋನ್ಯೂಟನ್ ಬರಲು ಗೇಜಿನಲ್ಲಿ ಸುಮಾರು 478 ಬಾರ್ ಕಾಣಬೇಕು.

ಬಿಸಿಹಲಗೆಗಳು 350 × 350 × 25 ಮಿ.ಮೀ. ಅಲ್ಯುಮಿನಿಯಂ, ಪ್ರತಿಯೊಂದಕ್ಕೂ 1.5 ಕಿಲೋವಾಟ್ ಕಾರ್ಟ್ರಿಜ್ ಹೀಟರ್. ಸುಮಾರು ಕಾಲು ಗಂಟೆಯಲ್ಲಿ 155 ತಲುಪುತ್ತವೆ. ಹಿಂಬದಿಗೆ ದಪ್ಪ ಉಕ್ಕಿನ ತಟ್ಟೆ ಕೊಡಿ, ಇಲ್ಲದಿದ್ದರೆ ರ‍್ಯಾಮ್ ಮಧ್ಯಕ್ಕೆ ಮಾತ್ರ ತಳ್ಳಿ ಹಲಗೆಯ ಅಂಚು ಟೊಳ್ಳಾಗುತ್ತದೆ. ಉಕ್ಕಿಗೂ ಅಲ್ಯುಮಿನಿಯಂಗೂ ನಡುವೆ ಹೆಚ್ಚು ಸಾಂದ್ರತೆಯ ಕ್ಯಾಲ್ಸಿಯಂ ಸಿಲಿಕೇಟ್ ಹಾಳೆ ಇರಲಿ.

ನಮ್ಮ ಜಿಲ್ಲೆಗಳಲ್ಲಿ ಅಡಿಕೆ ಹಾಳೆತಟ್ಟೆಯ ಯಂತ್ರಗಳು ಊರೂರಲ್ಲಿವೆ, ಅದನ್ನೇ ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ಚೌಕಟ್ಟು ಮತ್ತು ಜ್ಯಾಕನ್ನು ಉಳಿಸಿಕೊಳ್ಳಬಹುದು. ಅಚ್ಚು ಮತ್ತು ಥರ್ಮೋಸ್ಟಾಟನ್ನು ತೆಗೆಯಲೇಬೇಕು. ಹಾಳೆಗೆ ಹತ್ತು ಡಿಗ್ರಿ ಆಚೀಚೆ ಆದರೆ ಏನೂ ಆಗುವುದಿಲ್ಲ, ಇಲ್ಲಿ ಹತ್ತು ಡಿಗ್ರಿ ಎಂದರೆ ಹಲಗೆ ಹೋಯಿತು ಎಂದೇ ಅರ್ಥ. ಮೇಲಿನದಕ್ಕೂ ಕೆಳಗಿನದಕ್ಕೂ ತಾಪವನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಪ್ರತ್ಯೇಕ ಪಿಐಡಿ ಕಂಟ್ರೋಲರ್, ತಾಪ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ಹಾಕಿ.

ಥರ್ಮೋಕಪಲ್ಲನ್ನು ಎರಡು ತಾಪಗಳಲ್ಲಿ ಪರೀಕ್ಷಿಸಬೇಕು. ಮಂಗಳೂರು, ಉಡುಪಿ ಸಮುದ್ರಮಟ್ಟದಲ್ಲಿರುವುದರಿಂದ ಕುದಿಯುವ ನೀರು 100 ಡಿಗ್ರಿಯನ್ನೇ ತೋರಿಸಬೇಕು (ಬೆಂಗಳೂರಿನಲ್ಲಿ ಸುಮಾರು 97 ಬರುತ್ತದೆ, ಅಲ್ಲಿಯವರ ತಿದ್ದುಪಡಿಯನ್ನು ಇಲ್ಲಿಗೆ ತರಬೇಡಿ). ಎರಡನೆಯದು ಇಂಡಿಯಂ ಲೋಹ. ಅದು ಕರಗುವುದು 156.6 ಡಿಗ್ರಿಯಲ್ಲಿ, ನಮ್ಮ ಕೆಲಸದ ತಾಪಕ್ಕೆ ಅಂಟಿಕೊಂಡಂತೆ. ಕಾಳಿನಷ್ಟು ಚೂರನ್ನು ಅಲ್ಯುಮಿನಿಯಂ ಫಾಯಿಲ್ ಮೇಲೆ ಬಿಸಿಹಲಗೆಗೆ ಇಟ್ಟು, ನಿಧಾನಕ್ಕೆ ತಾಪ ಏರಿಸಿ, ಅದು ಕರಗಿದಾಗ ಕಂಟ್ರೋಲರ್ ಏನು ತೋರಿಸುತ್ತದೆಂದು ಬರೆದುಕೊಳ್ಳಿ. ನಾಲ್ಕು ಮೂಲೆ ಮತ್ತು ಮಧ್ಯದಲ್ಲಿ ಅಳೆದಾಗ 3 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೀಟರ್‌ಗಳ ಜಾಗ ಸರಿಪಡಿಸಿ, ಆಮೇಲೆಯೇ ಬಟ್ಟೆ ಕತ್ತರಿಸಿ.

ಒತ್ತುವ ಕ್ರಮ

1. ಮಳೆಗಾಲದಲ್ಲಿ ಬಟ್ಟೆಯನ್ನು 60 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಇಡಿ. ಪಾಲಿಪ್ರೊಪಿಲೀನ್ ನೀರು ಕುಡಿಯುವುದಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಪಟ್ಟಿಗಳ ಸಂದಿಯಲ್ಲಿ ಕೂತ ಪಸೆ ಪ್ರೆಸ್ಸಿನಲ್ಲಿ ಆವಿಯಾಗಿ ಬಿಳಿ ಮಚ್ಚೆ ಬಿಡುತ್ತದೆ. ಕೈಗೆ ಹತ್ತಿಯ ಗ್ಲೌಸ್ ಹಾಕಿ, ಬೆವರಿನ ಗುರುತೂ ಅಂಟನ್ನು ಕೆಡಿಸುತ್ತದೆ.

2. 3 ಮಿ.ಮೀ. ಅಲ್ಯುಮಿನಿಯಂ ತಟ್ಟೆ, ಅದರ ಮೇಲೆ ಟೆಫ್ಲಾನ್ ಲೇಪಿತ ಗಾಜಿನ ಬಟ್ಟೆ (ಸೀಲಿಂಗ್ ಯಂತ್ರದವರ ಬಳಿ ಸಿಗುವುದು), ಆಮೇಲೆ ಫಿಲ್ಮ್, ಬಟ್ಟೆ, ಫಿಲ್ಮ್ ಎಂದು ಜೋಡಿಸಿ. ಕೊನೆಯಲ್ಲೂ ಫಿಲ್ಮ್ ಬರಬೇಕು. ಸಿಲಿಕೋನ್ ಸ್ಪ್ರೇಯನ್ನು ಆ ಕೋಣೆಯಲ್ಲೇ ಬಳಸಬೇಡಿ. ಸುಲಿಯುವ ಪರೀಕ್ಷೆಗಾಗಿ ಮಧ್ಯದ ಫಿಲ್ಮಿನಲ್ಲಿ ಒಂದು ಅಂಚಿಗೆ 75 ಮಿ.ಮೀ. ಅಗಲದ ತೆಳು ಟೆಫ್ಲಾನ್ ಪಟ್ಟಿ ಸೇರಿಸಿ. ಮೊದಲ ಹಲಗೆಯಲ್ಲಿ ಮಧ್ಯದ ಪದರಕ್ಕೆ ಸಣ್ಣ ಥರ್ಮೋಕಪಲ್ಲನ್ನೂ ತೂರಿಸಿಡಿ.

3. ತಣ್ಣಗಿರುವಾಗಲೇ, ಹೆಚ್ಚೆಂದರೆ 80 ಡಿಗ್ರಿಯೊಳಗೆ, ಪ್ರೆಸ್ಸಿಗಿಟ್ಟು 0.5 ಮೆಗಾಪಾಸ್ಕಲ್ ಕೊಡಿ. 155 ಡಿಗ್ರಿಗೆ ಕಾದ ಪ್ರೆಸ್ಸಿಗೆ ನೇರ ಹಾಕಿದರೆ ಒತ್ತುವ ಮೊದಲೇ ಹೊರಪದರ ಮುದುಡುತ್ತದೆ.

4. 120 ಡಿಗ್ರಿಯಲ್ಲಿ ಒತ್ತಡವನ್ನು 1.5ಕ್ಕೆ ಏರಿಸಿ. ಫಿಲ್ಮ್ ಕರಗುತ್ತಿದ್ದಂತೆ ರಾಶಿ ಕುಸಿಯುತ್ತದೆ, ಕೈಜ್ಯಾಕಿನಲ್ಲಿ ಒತ್ತಡ ಇಳಿಯುತ್ತದೆ. ಗೇಜ್ ನೋಡುತ್ತಾ ಪಂಪ್ ಮಾಡುತ್ತಲೇ ಇರಿ.

5. ಮಧ್ಯದ ಪದರ 155 ತಲುಪಿದ ಮೇಲೆ 5 ನಿಮಿಷ ಹಿಡಿಯಿರಿ. ಹೆಚ್ಚು ಹೊತ್ತು ಹಿಡಿದರೆ ಲಾಭವಿಲ್ಲ.

6. ಹೀಟರ್ ಆರಿಸಿ, ಒತ್ತಡ ಬಿಡದೆ ತಣಿಸಿ. ಬಿಸಿಹಲಗೆಯಲ್ಲಿ ನೀರಿನ ಕೊಳವೆಯಿದ್ದರೆ 100 ಡಿಗ್ರಿಗಿಂತ ಕೆಳಗಿಳಿಯುವ ತನಕ ಗಾಳಿ ಹಾಯಿಸಿ, ಆಮೇಲಷ್ಟೇ ನೀರು ಬಿಡಿ. 155ರಲ್ಲಿ ನೀರು ಬಿಟ್ಟರೆ ಆಚೆ ತುದಿಯಿಂದ ಆವಿ ಚಿಮ್ಮಿ ಕೈಮುಖ ಸುಡುತ್ತದೆ. 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಮಾತ್ರ ಜ್ಯಾಕ್ ಸಡಿಲಿಸಿ.

ಅಂಚನ್ನು 20–25 ಮಿ.ಮೀ. ಕತ್ತರಿಸಿ ಬಿಸಾಡಿ, ಅಲ್ಲಿ ಒತ್ತಡ ಯಾವಾಗಲೂ ಕಡಿಮೆ. ಕತ್ತರಿಸಲು ಸಣ್ಣ ಹಲ್ಲಿನ ಗರಗಸ ನಿಧಾನಕ್ಕೆ ಓಡಲಿ, ವೇಗ ಹೆಚ್ಚಿದರೆ ಅಂಚು ಕರಗುತ್ತದೆ. ಲೇಸರ್ ಬೇಡ, ಅಂಚಿನ ನಾರು ಕರಗಿ ಪರೀಕ್ಷೆಯ ಫಲಿತಾಂಶವೇ ಕೆಡುತ್ತದೆ.

155 ಎಂಬುದು ಆರಂಭದ ಅಂಕಿ ಮಾತ್ರ. ನಿಮ್ಮ ಬಟ್ಟೆ, ನಿಮ್ಮ ಫಿಲ್ಮಿಗೆ ಸರಿಯಾದುದನ್ನು ಕಂಡುಕೊಳ್ಳಲು 145, 150, 155, 160, 165ರಲ್ಲಿ ಒಂದೊಂದು ಹಲಗೆ ಒತ್ತಿ, ಎಲ್ಲವನ್ನೂ ಕೆಳಗಿನಂತೆ ಪರೀಕ್ಷಿಸಿ. ತಾಪ ಏರಿದಂತೆ ಸುಲಿಯುವ ಬಲ ಏರುತ್ತದೆ, ಒಂದು ಹಂತದ ನಂತರ ಎಳೆಯುವ ಬಲ ಬೀಳತೊಡಗುತ್ತದೆ. ಆ ಬೀಳುವಿಕೆ ಶುರುವಾಗುವುದಕ್ಕೆ ಚೂರು ಮೊದಲಿನ ತಾಪವೇ ನಿಮ್ಮದು. ಈ ಸರಣಿಯನ್ನು ಬಿಟ್ಟು ಬೇರೆಯವರ ಅಂಕಿ ಹಿಡಿದು ಹೊರಟವರು ಪ್ರತಿ ಹೊಸ ರೋಲಿಗೂ ಕಷ್ಟಪಡುತ್ತಾರೆ.

ಪರೀಕ್ಷೆ

ಮೊದಲು ಬೆಳಕಿಗೆ ಹಿಡಿದು ನೋಡಿ. ಸರಿಯಾದ ಹಲಗೆ ಎಲ್ಲೆಡೆ ಒಂದೇ ರೀತಿ ಮಬ್ಬಾಗಿ, ನೇಯ್ಗೆ ಸ್ಪಷ್ಟವಾಗಿ ಕಾಣುತ್ತದೆ. ಬಿಳಿ ಮಚ್ಚೆ ಗಾಳಿಯ ಗುರುತು. ನೇಯ್ಗೆ ಅಳಿಸಿದಂತಾಗಿ ಗಾಜಿನ ಹಾಗೆ ಕಾಣುವ ಜಾಗದಲ್ಲಿ ನಾರು ಕರಗಿದೆ. ಕತ್ತರಿಸಿದ ಅಂಚಿಗೆ ಸ್ಪಿರಿಟ್ ಬೆರೆಸಿದ ಶಾಯಿ ಹಚ್ಚಿ ಒರೆಸಿದರೆ, ಟೊಳ್ಳಿದ್ದ ಕಡೆ ಶಾಯಿ ಒಳಗೆ ಓಡಿರುತ್ತದೆ.

ಸಾಂದ್ರತೆ: ಇದು ನೀರಿನಲ್ಲಿ ತೇಲುವ ವಸ್ತು, ಆದ್ದರಿಂದ ಲೋಹದ ಭಾರ ಕಟ್ಟಿ ತೂಗಬೇಕು. ತುಂಡು ಗಾಳಿಯಲ್ಲಿ 10.00 ಗ್ರಾಂ, ಭಾರ ಮಾತ್ರ ನೀರಿನಲ್ಲಿ 20.00, ಎರಡೂ ಸೇರಿ ನೀರಿನಲ್ಲಿ 18.95 ಬಂದರೆ, ನೀರು ಎತ್ತಿದ್ದು 10.00 + 20.00 − 18.95 = 11.05 ಗ್ರಾಂ. 29 ಡಿಗ್ರಿಯ ನೀರಿನ ಸಾಂದ್ರತೆ 0.996. ಹಲಗೆಯದು 10.00 ÷ 11.05 × 0.996 = 0.901. ಗುರಿ 0.91 ಆದ್ದರಿಂದ ಟೊಳ್ಳು ಶೇ 1ರಷ್ಟು. ಬಟ್ಟೆಯಲ್ಲಿ ಸುಣ್ಣದ ಪುಡಿ ಇದ್ದರೆ ಗುರಿಯ ಅಂಕಿಯೂ ಮೇಲೇರುತ್ತದೆ, ಬೂದಿಯ ತೂಕದಿಂದ ಅದನ್ನು ತಿದ್ದಿಕೊಳ್ಳಿ. ತುಂಡಿಗೆ ಅಂಟಿದ ಗುಳ್ಳೆಗಳನ್ನು ಬ್ರಷ್‌ನಿಂದ ತೆಗೆಯದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಸುಲಿಯುವ ಬಲ: 25 ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ. ಟೆಫ್ಲಾನ್ ಇದ್ದ ತುದಿಯಲ್ಲಿ ಎರಡು ರೆಕ್ಕೆಗಳು ಬಿಡಿಸಿಕೊಳ್ಳುತ್ತವೆ. ಅವನ್ನು ಎಎಸ್‌ಟಿಎಂ ಡಿ1876 ಎಂಬ ಪರೀಕ್ಷಾ ಮಾನದಂಡದಂತೆ ನಿಮಿಷಕ್ಕೆ 254 ಮಿ.ಮೀ. ವೇಗದಲ್ಲಿ ಎಳೆಯಬೇಕು. ಯಂತ್ರವಿಲ್ಲದಿದ್ದರೆ ಕೊಕ್ಕೆಯ ಡಿಜಿಟಲ್ ತಕ್ಕಡಿಯಿಂದ ನಿಧಾನವಾಗಿ, ಒಂದೇ ವೇಗದಲ್ಲಿ ಎಳೆದು ಹಲಗೆ ಹಲಗೆಗಳನ್ನು ಹೋಲಿಸಬಹುದು. ಅಂಕಿಗಿಂತ ಹೆಚ್ಚು ಹೇಳುವುದು ಸುಲಿದ ಮೈ. ನುಣುಪಾಗಿ ಹೊಳೆದರೆ ಅಂಟೇ ಆಗಿಲ್ಲ, ತಾಪವೋ ಒತ್ತಡವೋ ಕಡಿಮೆ. ಬಟ್ಟೆಯ ಪಟ್ಟಿಯೇ ಸೀಳಿ ಬಿಳಿ ಎಳೆಗಳು ಎದ್ದಿದ್ದರೆ ಅಂಟು ಪಟ್ಟಿಗಿಂತ ಗಟ್ಟಿಯಾಗಿದೆ.

ಎಳೆಯುವ ಬಲ: 250 × 25 ಮಿ.ಮೀ. ಪಟ್ಟಿ, ಹಿಡಿಕೆಗಳ ನಡುವೆ 150 ಮಿ.ಮೀ., ವೇಗ ನಿಮಿಷಕ್ಕೆ 2 ಮಿ.ಮೀ. ಹಾಸಿನ ದಿಕ್ಕಿಗೆ ಐದು, ಹೊಕ್ಕಿನ ದಿಕ್ಕಿಗೆ ಐದು. ಪಟ್ಟಿ ಇನ್ನೂ ಸಪೂರವಾದರೆ ಅಗಲದಲ್ಲಿ ಹತ್ತು ಎಳೆಗಳೂ ಇರುವುದಿಲ್ಲ, ಅಂಕಿ ಚೆಲ್ಲಾಪಿಲ್ಲಿಯಾಗುತ್ತದೆ. ತುದಿಗೆ ಎಪಾಕ್ಸಿಯಲ್ಲಿ ಟ್ಯಾಬ್ ಅಂಟಿಸಲು ಹೋಗಬೇಡಿ, ಪಾಲಿಪ್ರೊಪಿಲೀನ್‌ಗೆ ಅದು ನಿಲ್ಲುವುದಿಲ್ಲ. ದವಡೆಗೂ ಪಟ್ಟಿಗೂ ನಡುವೆ ಎಮರಿ ಬಟ್ಟೆ ಮಡಚಿಡಿ. ಬಿಗಿತವನ್ನು ಐಎಸ್ಒ 527 ಮಾನದಂಡದಂತೆ ಶೇ 0.05 ಮತ್ತು 0.25 ಹಿಗ್ಗುವಿಕೆಯ ನಡುವೆ, ಎಕ್ಸ್‌ಟೆನ್ಸೋಮೀಟರ್ (ಪಟ್ಟಿಗೇ ಕಚ್ಚಿಸಿ ಹಿಗ್ಗುವಿಕೆ ಅಳೆಯುವ ಸಾಧನ) ಹಾಕಿಯೇ ಅಳೆಯಬೇಕು. ಯಂತ್ರದ ದವಡೆಯ ಚಲನೆಯಿಂದ ಲೆಕ್ಕ ಹಾಕಿದರೆ ಜಾರಿದ್ದೂ ಸೇರಿ ಬಿಗಿತ ಕಡಿಮೆ ಕಾಣುತ್ತದೆ.

ಎಷ್ಟು ಬರಬೇಕು? ಮಾಮೂಲಿ ಪಾಲಿಪ್ರೊಪಿಲೀನ್‌ನ ಬಲ 30ರಿಂದ 35 ಮೆಗಾಪಾಸ್ಕಲ್. ಮಾರುಕಟ್ಟೆಯ ಕರ್ವ್ ಹಾಳೆಯದು ಸುಮಾರು 120, ಬಿಗಿತ 4 ಗಿಗಾಪಾಸ್ಕಲ್‌ನ ಆಸುಪಾಸು. ಚೀಲದ ಒಳ್ಳೆಯ ಪಟ್ಟಿಗೆ ಡೆನಿಯರಿಗೆ (9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆಂಬ ಅಳತೆ) 5 ಗ್ರಾಂ ಬಲ ಎಂದರೆ ಸುಮಾರು 400 ಮೆಗಾಪಾಸ್ಕಲ್. ನಾರಿನ ಪಾಲು ಶೇ 65, ಅದರಲ್ಲಿ ಅರ್ಧ ಮಾತ್ರ ಎಳೆಯುವ ದಿಕ್ಕಿನಲ್ಲಿ. ಆದ್ದರಿಂದ ನಾರಿನಿಂದ ಬರಬಹುದಾದ ಗರಿಷ್ಠ 0.325 × 400 = 130. ನೇಯ್ಗೆಯ ಡೊಂಕು, ಬಿಸಿಯ ನಷ್ಟ ಕಳೆದು ನೋಡಿ. ಇದನ್ನೂ ಬಹಳ ಮೀರಿದ ಅಂಕಿ ಬಂದರೆ ಸಂಭ್ರಮಿಸುವ ಮೊದಲು ದಪ್ಪವನ್ನು ಮತ್ತೊಮ್ಮೆ ಅಳೆಯಿರಿ.

ಬಾಗು: ಯಂತ್ರವಿಲ್ಲದೆಯೂ ಮಾಡಬಹುದು. 100 ಮಿ.ಮೀ. ದೂರದ ಎರಡು ಆಧಾರಗಳ ಮೇಲೆ 25 ಮಿ.ಮೀ. ಅಗಲದ ಪಟ್ಟಿ ಇಟ್ಟು ಮಧ್ಯದಲ್ಲಿ 510 ಗ್ರಾಂ (5 ನ್ಯೂಟನ್) ತೂಗುಹಾಕಿ, ಡಯಲ್ ಗೇಜಿನಲ್ಲಿ ಇಳಿತ ನೋಡಿ. 2 ಮಿ.ಮೀ. ದಪ್ಪಕ್ಕೆ 2.1 ಮಿ.ಮೀ. ಇಳಿದರೆ ಬಿಗಿತ ಸುಮಾರು 3 ಗಿಗಾಪಾಸ್ಕಲ್. ತೂಕವಿಟ್ಟ ಒಂದು ನಿಮಿಷದೊಳಗೆ ಓದಬೇಕು, ಈ ವಸ್ತು ಭಾರಕ್ಕೆ ನಿಧಾನವಾಗಿ ಸೋಲುತ್ತಲೇ ಇರುತ್ತದೆ. ಪೂರ್ತಿ ಬಾಗಿಸಿದರೂ ಪಟ್ಟಿ ಮುರಿಯುವುದಿಲ್ಲ. ಒತ್ತಲ್ಪಟ್ಟ ಬದಿಯ ನಾರು ಮಡಚಿಕೊಂಡು ಬಿಳಿ ಗೆರೆ ಮೂಡುತ್ತದೆ. ಎಳೆದ ಪಾಲಿಮರಿನ ದುರ್ಬಲ ಬದಿ ಇದು, ವಿನ್ಯಾಸ ಮಾಡುವಾಗ ಮರೆಯಬಾರದು.

ಹೊಡೆತ: ಈ ವಸ್ತುವಿನ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ. ಅಂಚು ಬಿಗಿದ ತುಂಡಿನ ಮೇಲೆ 2 ಮೀಟರ್ ಎತ್ತರದಿಂದ, ಪೈಪಿನೊಳಗೆ, ಗುಂಡುತಲೆಯ 1 ಕಿಲೋ ಉಕ್ಕು ಬಿಟ್ಟರೆ 19.6 ಜೂಲ್. ಅದೇ ದಪ್ಪದ ಮಾಮೂಲಿ ಪಾಲಿಪ್ರೊಪಿಲೀನ್ ಹಾಳೆಯನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ನಂತರ ಎರಡನ್ನೂ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು, ಹೊರತೆಗೆದ ಕೂಡಲೇ ಮತ್ತೆ ಹೊಡೆಯಿರಿ. ಸೊನ್ನೆಗಿಂತ ಕೆಳಗೆ ಮಾಮೂಲಿ ಪಾಲಿಪ್ರೊಪಿಲೀನ್ ಗಡುಸಾಗಿ ಸಿಡಿಯುತ್ತದೆ. ಸ್ವಬಲವರ್ಧಿತ ಹಲಗೆ ತಗ್ಗುತ್ತದೆ, ಬಿಳಿಯಾಗುತ್ತದೆ, ಚೂರಾಗುವುದಿಲ್ಲ. ಮಂಜುಗಡ್ಡೆ ತುಂಬುವ ಮೀನಿನ ಪೆಟ್ಟಿಗೆಗೆ ಬೇಕಾದ ಗುಣ ಇದೇ.

ಕುಗ್ಗುವಿಕೆ: 100 × 100ರ ತುಂಡನ್ನು 100 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಇಟ್ಟು ಬದಿಗಳನ್ನು ಅಳೆಯಿರಿ. ಒಂದೇ ಪ್ರೆಸ್ಸಿನ ಬೇರೆ ಹಲಗೆಗಳಿಗಿಂತ ಒಂದು ಹಲಗೆ ಹೆಚ್ಚು ಕುಗ್ಗಿದರೆ ಅದನ್ನು ಬಿಸಿಯಿರುವಾಗಲೇ ಬಿಚ್ಚಿರುವ ಸಂಭವ ಹೆಚ್ಚು.

ಡಿಎಸ್‌ಸಿ ಪರೀಕ್ಷೆಗೆ (ತುಂಡನ್ನು ನಿಧಾನಕ್ಕೆ ಬಿಸಿ ಮಾಡಿ ಯಾವ ತಾಪದಲ್ಲಿ ಎಷ್ಟು ಶಾಖ ಹೀರುತ್ತದೆಂದು ಅಳೆಯುವುದು) ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ಎಂಐಟಿಯಂಥ ಇಂಜಿನಿಯರಿಂಗ್ ಕಾಲೇಜುಗಳಲ್ಲೋ ಮೈಸೂರಿನ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್‌ನಲ್ಲೋ ವಿಚಾರಿಸಿ. ನಿಮಿಷಕ್ಕೆ 10 ಡಿಗ್ರಿ ವೇಗದಲ್ಲಿ ಮಾಡಿಸಿ. ಒಳ್ಳೆಯ ಹಲಗೆಯಲ್ಲಿ ಎರಡು ಶಿಖರ ಬರುತ್ತವೆ, ಫಿಲ್ಮಿನದು 145ರ ಸುತ್ತ, ಪಟ್ಟಿಯದು 165ರ ಸುತ್ತ. ಒತ್ತುವ ಮೊದಲಿನ ಬಟ್ಟೆಯನ್ನೂ ಜೊತೆಗೆ ಕೊಡಿ. ಅದರಲ್ಲಿಲ್ಲದ, 160ರ ಹತ್ತಿರದ ಗೂನೊಂದು ಹಲಗೆಯಲ್ಲಿ ಎದ್ದಿದ್ದರೆ ಪಟ್ಟಿಯ ಸ್ವಲ್ಪ ಭಾಗ ಕರಗಿ ಹೆಪ್ಪುಗಟ್ಟಿದೆ.

ಕೆಟ್ಟರೆ ಎಲ್ಲಿ ನೋಡಬೇಕು

ಮಧ್ಯ ಗಾಜಿನಂತೆ, ಅಂಚು ಬಿಳಿ: ಬಿಸಿಹಲಗೆ ಬಾಗುತ್ತಿದೆ ಅಥವಾ ಮಧ್ಯ ಹೆಚ್ಚು ಕಾಯುತ್ತಿದೆ. ಒಂದೇ ಬದಿ ಸುಲಭವಾಗಿ ಸುಲಿದರೆ ಮೇಲಿನ, ಕೆಳಗಿನ ಕಂಟ್ರೋಲರ್‌ಗಳನ್ನು ಹೋಲಿಸಿ. ಇಡೀ ಹಲಗೆ ಒಳಕ್ಕೆ ಕುಗ್ಗಿ ಅಲೆಅಲೆಯಾಗಿದ್ದರೆ ಒತ್ತಡ ತಡವಾಗಿ ಬಂದಿದೆ ಇಲ್ಲವೇ ಬೇಗ ಹೋಗಿದೆ. ಸುಲಿಯುವ ಬಲ ಎಲ್ಲ ತಾಪದಲ್ಲೂ ಕಡಿಮೆಯೇ ಇದ್ದರೆ ಪ್ರೆಸ್ಸನ್ನು ಬೈಯಬೇಡಿ, ಫಿಲ್ಮ್ ಬಿಒಪಿಪಿಯೋ ಪಾಲಿಎಥಿಲೀನೋ ಎಂದು ಮತ್ತೆ ಪರೀಕ್ಷಿಸಿ.

ಹೊರಾಂಗಣಕ್ಕೆ ಹೋಗುವ ಹಲಗೆಯಾದರೆ ಹೊರಗಿನ ಎರಡು ಫಿಲ್ಮ್‌ಗಳು ಯುವಿ ತಡೆಯುವ ಅಂಶವುಳ್ಳವಾಗಿರಲಿ, ಅಥವಾ ಶೇ 2–2.5 ಕಾರ್ಬನ್ ಬ್ಲ್ಯಾಕ್ ಇರುವ ಕಪ್ಪು ಫಿಲ್ಮ್ ಆಗಿರಲಿ. ಉಪ್ಪುನೀರು ಪಾಲಿಪ್ರೊಪಿಲೀನ್‌ಗೆ ಏನೂ ಮಾಡುವುದಿಲ್ಲ. ಕರಾವಳಿಯಲ್ಲಿ ಇದನ್ನು ಕೊಲ್ಲುವುದು ಬಿಸಿಲು. ಒಂದೇ ಹಲಗೆಯಿಂದ ಕತ್ತರಿಸಿದ ಪಟ್ಟಿಗಳಲ್ಲಿ ಅರ್ಧವನ್ನು ತಾರಸಿಯ ಮೇಲೆ ದಕ್ಷಿಣಕ್ಕೆ ಮುಖಮಾಡಿ ಕಟ್ಟಿ, ಉಳಿದರ್ಧವನ್ನು ಕತ್ತಲೆಯ ಕಪಾಟಿನಲ್ಲಿಡಿ. ಪ್ರತಿ ಮೂರು ತಿಂಗಳಿಗೆ ಎರಡೂ ಕಡೆಯಿಂದ ಒಂದಷ್ಟನ್ನು ತೆಗೆದು ಎಳೆದು ನೋಡಿ, ಪ್ರತಿ ಪಟ್ಟಿಯ ಮೇಲೆ ಹಲಗೆಯ ಸಂಖ್ಯೆ, ಒತ್ತಿದ ತಾಪ ಮತ್ತು ಹಾಸಿನ ದಿಕ್ಕನ್ನು ಅಳಿಸದ ಶಾಯಿಯಲ್ಲಿ ಮೊದಲೇ ಬರೆದಿರಬೇಕು.